ಹಳೇ ಡಿವಿಡಿ ನಡುವೆ ನಿಂತುಬಿಡುತ್ತೆ, ಉಳಿಸಿಕೊಳ್ಳಬಹುದಾ?

ಪ್ರಶ್ನೆ:
ಎರಡು ವರ್ಷದಿಂದ ಸೆಕೆಂಡ್ ಹ್ಯಾಂಡ್ ಡಿವಿಡಿ ಕೊಳ್ಳುತ್ತಿದ್ದೇನೆ. ಜಾಸ್ತಿ ಕಪ್ಪು-ಬಿಳುಪು ಸಿನಿಮಾಗಳೇ. ಮೊಬೈಲಿನಲ್ಲಿ ನೋಡಿದರೆ ಹತ್ತೇ ನಿಮಿಷಕ್ಕೆ ಮನಸ್ಸು ಬೇರೆ ಕಡೆ ಹೋಗುತ್ತದೆ. ಡಿಸ್ಕ್ ಹಾಕಿ ಕೂತರೆ ಕೊನೆವರೆಗೂ ನೋಡುತ್ತೇನೆ. ಮುಗಿದ ಮೇಲೆ ಕಮೆಂಟರಿ, ಅಂದರೆ ಸಿನಿಮಾ ಹೇಗೆ ಮಾಡಿದರು ಅಂತ ದೃಶ್ಯದ ಜೊತೆಜೊತೆಗೇ ವಿವರಿಸುವ ಮಾತು, ಹಾಕಿಕೊಂಡು ಇನ್ನೊಂದು ಸಲ ನೋಡುತ್ತೇನೆ. ನನಗೆ ಅದೇ ದೊಡ್ಡ ಖುಷಿ. ಮಳೆಗೆ ಹಿಂದಿನಿಂದ ಬೆಳಕು ಬಿಡದಿದ್ದರೆ ತೆರೆ ಮೇಲೆ ಹನಿ ಕಾಣುವುದೇ ಇಲ್ಲ ಅಂತ ಗೊತ್ತಾಗಿದ್ದು ಹಾಗೆ. ಈಗ ಮಳೆ ದೃಶ್ಯ ಬಂದರೆ ಸಾಕು, ದೀಪ ಎಲ್ಲಿಟ್ಟಿದ್ದಾರೆ ಅಂತ ಹುಡುಕುತ್ತೇನೆ.

ಕಳೆದ ವಾರ ಕೊಂಡ ಡಿಸ್ಕ್ ಸರಿಯಾಗಿ ಅಂಥದೇ ದೃಶ್ಯದಲ್ಲಿ, 52ನೇ ನಿಮಿಷಕ್ಕೆ ನಿಲ್ಲುತ್ತದೆ. ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಇನ್ನೊಂದು ವಿಷಯ, ಸಿನಿಮಾ 104 ನಿಮಿಷದ್ದು, ಡಿಸ್ಕಿನಲ್ಲಿ 100 ನಿಮಿಷ ಅಂತ ತೋರಿಸುತ್ತಿದೆ. ಕತ್ತರಿ ಹಾಕಿದ್ದಾರಾ?

ಉತ್ತರ 1:
ಒಂದು ಕ್ಷಣ ತಡೆದು ಮುಂದೆ ಹೋದರೆ ಚಿಂತೆ ಇಲ್ಲ. 8.5 ಜಿಬಿ ಡಿಸ್ಕಿನಲ್ಲಿ ಎರಡು ಪದರ ಇರುತ್ತವೆ, ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಹಾಗಾಗುತ್ತದೆ. ಆದರೆ ನಿಮ್ಮದು ಚೌಕವಾಗಿ ಒಡೆಯುತ್ತಿದೆ. ಅಂದರೆ ಕೊಳೆ ಅಥವಾ ಗೀರು. ಮೆತ್ತಗಿನ ಹತ್ತಿ ಬಟ್ಟೆ ಸ್ವಲ್ಪ ಒದ್ದೆ ಮಾಡಿ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತಿ ಸುತ್ತಿ ಒರೆಸಬೇಡಿ. ಮಾಹಿತಿ ಸುರುಳಿಯಾಗಿ ಬರೆದಿರುತ್ತದೆ. ಅಡ್ಡ ಗೀರಾದರೆ ಪ್ಲೇಯರ್ ಸರಿಪಡಿಸಿಕೊಂಡು ಓದುತ್ತದೆ, ಸುರುಳಿಯ ಉದ್ದಕ್ಕೇ ಗೀರು ಬಿದ್ದರೆ ಕಷ್ಟ.

ಉತ್ತರ 2:
ಟೂತ್‌ಪೇಸ್ಟ್ ಹಚ್ಚಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಬೇಡ. ನಾನು ಹಚ್ಚಿ ಒಂದು ಒಳ್ಳೆಯ ಡಿಸ್ಕ್ ಕಳೆದುಕೊಂಡೆ. ಪೂರ್ತಿ ಮಂಕಾಯಿತು.

ನಾಲ್ಕು ನಿಮಿಷ ಎಲ್ಲೂ ಹೋಗಿಲ್ಲ. ನಿಮ್ಮದು ಪಾಲ್ (PAL ಅನ್ನೋ ಟಿವಿ ಪದ್ಧತಿಗೆ ಮಾಡಿದ) ಡಿಸ್ಕ್ ಇರಬೇಕು. ಸೆಕೆಂಡಿಗೆ 24 ಚಿತ್ರದ (ಫ್ರೇಮ್) ಸಿನಿಮಾವನ್ನು ಅದರಲ್ಲಿ 25ರಂತೆ ಓಡಿಸುತ್ತಾರೆ. 104 ನಿಮಿಷದ್ದು ಹತ್ತಿರ ಹತ್ತಿರ 100ಕ್ಕೆ ಮುಗಿಯುತ್ತದೆ. ದನಿಯ ಶ್ರುತಿಯೂ ಒಂಚೂರು ಏರಿರುತ್ತದೆ, ಹಾಡಿನಲ್ಲಿ ಗಮನಿಸಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಬೆಳಕಿಗೆ ಹಿಡಿದು ನೋಡಿದೆ, ಯಾರದೋ ಹೆಬ್ಬೆರಳಿನ ಗುರುತು ಗಟ್ಟಿಯಾಗಿ ಒಣಗಿತ್ತು. ನಾಲ್ಕು ಸಲ ಒರೆಸಬೇಕಾಯಿತು. ನಿನ್ನೆ ರಾತ್ರಿ 52ನೇ ನಿಮಿಷ ದಾಟಿತು. ದೀಪ ಕಿಟಕಿಯ ಆಚೆ ಇಟ್ಟಿದ್ದಾರೆ, ಒಂದೊಂದು ಹನಿಯೂ ಕಾಣುತ್ತದೆ. ಇವತ್ತು ಕಮೆಂಟರಿ.