ಬಸ್ ಸ್ಟಾಪ್ ಹುಡುಕುವಾಗ ‘ಪಂಪ್‌ವೆಲ್’ ಸಿಗುವುದಿಲ್ಲ, ಯಾವ ಜಾವಾಸ್ಕ್ರಿಪ್ಟ್ ಲೈಬ್ರರಿ ಹಾಕಲಿ?

ಕಟಪಾಡಿ_ಕೋಡ್
ಮಂಗಳೂರು–ಉಡುಪಿ–ಕುಂದಾಪುರ ಬಸ್ಸುಗಳ ಸಮಯ ತೋರಿಸುವ ಪುಟ. ಬರೀ ಜಾವಾಸ್ಕ್ರಿಪ್ಟ್, ಫ್ರೇಮ್‌ವರ್ಕ್ ಇಲ್ಲ, ಸುಮಾರು 400 ಸ್ಟಾಪ್ ಉಂಟು. ಪಟ್ಟಿಯಲ್ಲಿ ‘ಪಂಪ್‌ವೆಲ್’, ‘ಕೋಟ’ ಇದ್ದರೂ ಕೆಲವರು ಹುಡುಕಿದರೆ ಬರುವುದಿಲ್ಲ. ಪ್ರತಿ ಅಕ್ಷರಕ್ಕೂ ಸರ್ವರಿಗೆ ರಿಕ್ವೆಸ್ಟ್ ಹೋಗಿ, ಹಳೆಯ ಉತ್ತರ ಹೊಸದರ ಮೇಲೆ ಬಂದು ಕೂರುತ್ತದೆ. ಉದ್ದದ ಹೆಸರನ್ನು ಸ್ಲೈಸ್‌ನಿಂದ ಕತ್ತರಿಸಿದರೆ ಕೊನೆಯ ಅಕ್ಷರದ ಗುಣಿತ ಹಾರಿಹೋಗುತ್ತದೆ. ಇದಕ್ಕೆ ಒಳ್ಳೆಯ ಲೈಬ್ರರಿ ಯಾವುದು?

ಸುರತ್ಕಲ್_ಟರ್ಮಿನಲ್
ಲೈಬ್ರರಿ ಬೇಡ ಮಾರಾಯ್ರೇ. ‘ಪಂಪ್‌ವೆಲ್’ನಲ್ಲಿ ‘ಪ್’ ಆದ ಮೇಲೆ ಕಣ್ಣಿಗೆ ಕಾಣದ ಝೀರೋ ವಿಡ್ತ್ ನಾನ್ ಜಾಯ್ನರ್ (ಮುಂದಿನ ಅಕ್ಷರ ಒತ್ತಾಗದಂತೆ ತಡೆಯುವ ಚಿಹ್ನೆ) ಉಂಟು. ಅದಿಲ್ಲದೆ ಟೈಪ್ ಮಾಡಿದರೆ ‘ವ’ ಒತ್ತಾಗಿ ‘ಪಂಪ್ವೆಲ್’ ಆಗುತ್ತದೆ. ಹೆಸರಿನಲ್ಲಿ ಆ ಪದ ಉಂಟಾ ಎಂದು ನೋಡುವ ಇನ್‌ಕ್ಲೂಡ್ಸ್‌ಗೆ ಅವೆರಡೂ ಬೇರೆ ಬೇರೆ. ‘ಸ್ಟೇಟ್‌ಬ್ಯಾಂಕ್’ಗೂ ಇದೇ ಗತಿ. ‘ಕೋಟ’ದ ಕಾರಣ ಬೇರೆ: ‘ಕೋ’ದ ಸ್ವರಚಿಹ್ನೆ ಒಂದೇ ಕೋಡ್ ಪಾಯಿಂಟ್ (ಯೂನಿಕೋಡ್ ಸಂಖ್ಯೆ) ಆಗಿಯೂ ಬರಬಹುದು, ತುಂಡು ತುಂಡಾಗಿಯೂ ಬರಬಹುದು.

ಒಂದು ಫಂಕ್ಷನ್ ಬರೆಯಿರಿ. ಮೊದಲು ಜಾಯ್ನರ್ (ಅಕ್ಷರ ಕೂಡಿಸುವ, ಅದೂ ಕಾಣದ ಚಿಹ್ನೆ), ನಾನ್ ಜಾಯ್ನರ್ ಎರಡನ್ನೂ ರಿಪ್ಲೇಸ್‌ನಿಂದ ತೆಗೆಯಿರಿ, ಆಮೇಲೆ ನಾರ್ಮಲೈಸ್‌ಗೆ ಎನ್‌ಎಫ್‌ಸಿ (ತುಂಡುಗಳನ್ನು ಒಂದೇ ಕೋಡ್ ಪಾಯಿಂಟ್ ಮಾಡುವ ರೂಪ) ಕೊಡಿ. ನಾರ್ಮಲೈಸ್ ಒಂದೇ ಸಾಲದು, ಅದು ನಾನ್ ಜಾಯ್ನರನ್ನು ಮುಟ್ಟುವುದಿಲ್ಲ. ಪಟ್ಟಿಗೂ ಟೈಪ್ ಮಾಡಿದ್ದಕ್ಕೂ ಅದೇ ಫಂಕ್ಷನ್ ಬಳಸಿ, ತೋರಿಸುವಾಗ ಮಾತ್ರ ಮೂಲ ಹೆಸರು. ಜೊತೆಗೆ ಪ್ರತಿ ಸ್ಟಾಪಿಗೆ ಬೇರೆ ಹೆಸರುಗಳ ಅರೇ (ಪಟ್ಟಿ) ಇಡಿ: ಕಾಪು–ಕಾಪ್, ಪಡುಬಿದ್ರಿ–ಪಡುಬಿದ್ರೆ, ಮೂಲ್ಕಿ–ಮುಲ್ಕಿ. ತುಳುವಿನಲ್ಲಿ ‘ಕುಡ್ಲ’ (ಮಂಗಳೂರು), ‘ಒಡಿಪು’ (ಉಡುಪಿ) ಎಂದು ಹುಡುಕುವವರನ್ನು ದಯವಿಟ್ಟು ಬಿಡಬೇಡಿ.

ಮಣಿಪಾಲ_ನೋಡ್
400 ಹೆಸರಿಗೆ ಸರ್ವರ್ ಯಾಕೆ? ಒಂದು ಜೇಸನ್ ಫೈಲಾಗಿ ಮೊದಲೇ ತರಿಸಿ ಬ್ರೌಸರಿನಲ್ಲೇ ಫಿಲ್ಟರ್ ಮಾಡಿ, ಡಿಬೌನ್ಸ್ (ಟೈಪಿಂಗ್ ನಿಂತ ಮೇಲೆ ಸ್ವಲ್ಪ ಕಾದು ಹುಡುಕುವುದು) ಕೂಡ ಬೇಡ.

ಬಸ್ಸಿನ ಸಮಯ ಸರ್ವರಿನಿಂದಲೇ ಬರಬೇಕಾದರೆ 250 ಮಿಲಿಸೆಕೆಂಡ್ ಡಿಬೌನ್ಸ್ ಇಡಿ. ಆದರೆ ಉತ್ತರಗಳು ಹಿಂದುಮುಂದಾಗುವುದು ಅದರಿಂದ ನಿಲ್ಲುವುದಿಲ್ಲ. ಹೊಸ ಫೆಚ್‌ಗೆ (ಸರ್ವರಿಗೆ ಹೋಗುವ ರಿಕ್ವೆಸ್ಟ್) ಮೊದಲು ಹಳೆಯದನ್ನು ಅಬಾರ್ಟ್‌ಕಂಟ್ರೋಲರಿನಿಂದ ರದ್ದು ಮಾಡಲೇಬೇಕು. ಆಗ ಬರುವ ಅಬಾರ್ಟ್‌ಎರರನ್ನು ಕ್ಯಾಚ್‌ನಲ್ಲಿ ಸುಮ್ಮನೆ ಬಿಡಿ, ಇಲ್ಲದಿದ್ದರೆ ‘ನೆಟ್‌ವರ್ಕ್ ಇಲ್ಲ’ ಎಂದು ಸುಳ್ಳು ಸಂದೇಶ ಬರುತ್ತದೆ.

ಇನ್‌ಪುಟ್ ಈವೆಂಟಿನಲ್ಲಿ ಈಸ್‌ಕಂಪೋಸಿಂಗ್ (ಕೀಬೋರ್ಡ್ ಇನ್ನೂ ಪದ ಕಟ್ಟುತ್ತಿದೆಯಾ ಎಂದು ಹೇಳುವ ಗುರುತು) ನೋಡಿ ಹೊರಬರಬೇಡಿ. ಆಂಡ್ರಾಯ್ಡ್ ಕೀಬೋರ್ಡುಗಳಲ್ಲಿ ಪದ ಮುಗಿಯುವವರೆಗೂ ಅದು ಟ್ರೂ ಆಗಿಯೇ ಇರಬಹುದು. ಸ್ಪೇಸ್ ಒತ್ತುವ ತನಕ ಪಟ್ಟಿ ಅಲ್ಲಾಡುವುದಿಲ್ಲ. ಎಂಟರ್ ಕೀ ಹಿಡಿಯುವಲ್ಲಿ ಮಾತ್ರ ಅದನ್ನು ನೋಡಿ.

ಮಲ್ಪೆ_ಸಿಎಸ್‌ಎಸ್
ಉದ್ದದ ಹೆಸರು ಕತ್ತರಿಸುವ ಕೆಲಸ ಸಿಎಸ್‌ಎಸ್‌ಗೆ (ಪುಟದ ನೋಟ ನಿರ್ಧರಿಸುವ ಭಾಷೆ) ಬಿಡಿ: ಓವರ್‌ಫ್ಲೋ ಹಿಡನ್, ವೈಟ್‌ಸ್ಪೇಸ್ ನೋರ‍್ಯಾಪ್, ಟೆಕ್ಸ್ಟ್ ಓವರ್‌ಫ್ಲೋ ಎಲಿಪ್ಸಿಸ್ (ಕೊನೆಗೆ ಮೂರು ಚುಕ್ಕೆ). ಫ್ಲೆಕ್ಸ್ (ಸಾಲಾಗಿ ಜೋಡಿಸುವ ಸಿಎಸ್‌ಎಸ್ ವಿನ್ಯಾಸ) ಒಳಗಿದ್ದರೆ ಮಿನ್‌ವಿಡ್ತ್ 0 ಕೊಡದೆ ಚುಕ್ಕೆ ಬರುವುದಿಲ್ಲ. ಲೈನ್‌ಹೈಟ್ 1.2 ಇಟ್ಟರೆ ‘ಬ್ರಹ್ಮಾವರ’ದ ಒತ್ತಿನ ಬಾಲ ಕತ್ತರಿಸಿಹೋದೀತು, 1.6 ಇಡಿ.

ಅಕ್ಷರ ಎಣಿಸಲೇಬೇಕಾದರೆ ಲೆಂತ್ ನಂಬಬೇಡಿ: ‘ಮಂಗಳೂರು’ ನಾಲ್ಕಕ್ಷರ, ಲೆಂತ್ 7. ಬ್ರೌಸರಿನಲ್ಲೇ ಇರುವ, ಪಠ್ಯವನ್ನು ಅಕ್ಷರಗಳಾಗಿ ಬಿಡಿಸುವ ಇಂಟ್ಲ್ ಸೆಗ್ಮೆಂಟರ್ ಬಳಸಿ; ಫೈರ್‌ಫಾಕ್ಸಿಗೆ ಅದು ಬಂದದ್ದು 2024ರಲ್ಲಿ, ಹಳೆಯ ಆವೃತ್ತಿಗೆ ಬದಲಿ ದಾರಿ ಇಟ್ಟುಕೊಳ್ಳಿ. ‘ಕಾರ್ಕಳ’ದ ‘ರ್ಕ’ವನ್ನು ಅದು ಎರಡು ತುಂಡು ಮಾಡಬಹುದು. ತುಂಡಿನ ಕೊನೆಯಲ್ಲಿ ಅರ್ಧಾಕ್ಷರದ ಚಿಹ್ನೆ ಇದ್ದು ಮುಂದಿನದು ವ್ಯಂಜನದಿಂದ ಶುರುವಾದರೆ ಎರಡನ್ನೂ ಸೇರಿಸಿಬಿಡಿ.