ಸಹಾಯ ಬೇಕು: ಮಗಳ ಗುಂಗುರು ಕೂದಲು ತುದಿಯಲ್ಲಿ ಮುರೀತಿದೆ

ನಮಸ್ಕಾರ. ನಾವು ಯಲ್ಲಾಪುರ ಕಡೆಯ ಸಿದ್ದಿಗಳು, ಆಫ್ರಿಕಾ ಮೂಲದ ಸಮುದಾಯದವರು. 9 ವರ್ಷದ ಮಗಳದ್ದು ನನ್ನ ಹಾಗೇ ಬಿಗಿ ಸುರುಳಿ ಕೂದಲು. ಒದ್ದೆ ಇದ್ದಾಗ ಒಂದೆಳೆ ಎಳೆದರೆ ಭುಜ ಮುಟ್ಟುತ್ತೆ, ಬಿಟ್ಟರೆ ಕಿವಿ ಹತ್ತಿರ ಸುತ್ತಿಕೊಳ್ಳುತ್ತೆ. ಬೆಳೆಯೋದಿಲ್ಲ ಅಂತಲ್ಲ, ಬೆಳೆದಷ್ಟೂ ತುದಿಯಲ್ಲಿ ಮುರೀತಿದೆ. ಬೆಳಿಗ್ಗೆ ದಿಂಬಿನ ಮೇಲೆ ಗಿಡ್ಡ ಗಿಡ್ಡ ಚೂರುಗಳು, ಬುಡದಿಂದ ಉದುರಿದ್ದಲ್ಲ.

ಒಣಕೂದಲು ಬಾಚೋದು ಬಿಟ್ಟಿದ್ದೇನೆ. ಒದ್ದೆ ಮಾಡಿ, ಕಂಡೀಷನರ್ ಹಚ್ಚಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸ್ತೀನಿ. ಆಮೇಲೆ ಕೊಬ್ಬರಿ ಎಣ್ಣೆ, ರಾತ್ರಿ ತಲೆಗೆ ಸ್ಯಾಟಿನ್ ಬಟ್ಟೆ. ಆದರೆ ಶಾಲೆಗೆ ಎರಡು ಬಿಗಿ ಜಡೆ ಕಡ್ಡಾಯ. ಹಣೆಯಂಚಿನ ಕೂದಲು ತೆಳುವಾಗ್ತಿದೆ, ಅದೇ ಸಂಕಟ.

ಇಂಥ ಕೂದಲಿರೋರು ಹೇಳಿ: ಸಡಿಲವಾಗಿ ಹೆಣೆದ ಸಣ್ಣ ಜಡೆಗಳನ್ನು ಎಷ್ಟು ದಿನ ಬಿಚ್ಚದೆ ಇಡಬಹುದು? ಸೀಳಿದ ತುದಿ ಕತ್ತರಿಸಲೇಬೇಕಾ? ಸ್ಟ್ರೇಟನಿಂಗ್ ಮಾತ್ರ ಹೇಳಬೇಡಿ, ಅವಳಿಗೆ ಅವಳ ಸುರುಳಿ ಇಷ್ಟ.