0/0 ಬಂದರೆ ಲಿಮಿಟ್ ಇಲ್ಲ ಅಂತಲೇ? ನಾಲ್ಕು ಲೆಕ್ಕಗಳಲ್ಲಿ ಸಹಾಯ ಬೇಕು

ಪ್ರಶ್ನೆ:
ಲಿಮಿಟ್ ಮತ್ತು ಡೆರಿವೇಟಿವ್ (ಬೆಲೆ ಬದಲಾಗುವ ದರ) ಪಾಠದ ಈ ನಾಲ್ಕು ಲೆಕ್ಕಗಳಲ್ಲಿ ನನ್ನ ಉತ್ತರ ಪುಸ್ತಕದ ಉತ್ತರಕ್ಕೆ ತಾಳೆಯಾಗುತ್ತಿಲ್ಲ. ಟೈಪ್ ಮಾಡಲು ಸುಲಭ ಅಂತ ಎಕ್ಸ್ ಬದಲು ಕ್ಷ, ಎಚ್ ಬದಲು ಹ ಬರೆದಿದ್ದೇನೆ.

1) ಕ್ಷ→0 ಆದಾಗ (√(9+ಕ್ಷ) − 3)/ಕ್ಷ. ಕ್ಷ = 0 ಹಾಕಿದರೆ 0/0. ಹಾಗಾಗಿ ‘ಲಿಮಿಟ್ ಇಲ್ಲ’ ಎಂದು ಬರೆದೆ. ಪುಸ್ತಕದಲ್ಲಿ 1/6 ಇದೆ.
2) ಕ್ಷ→0 ಆದಾಗ ಸೈನ್(5ಕ್ಷ)/ಕ್ಷ. ಸೂತ್ರದ ಪ್ರಕಾರ 1 ಅಂದುಕೊಂಡೆ, ಪುಸ್ತಕದಲ್ಲಿ 5. ಕ್ಯಾಲ್ಕುಲೇಟರಿನಲ್ಲಿ ಕ್ಷ = 0.01 ಹಾಕಿ ನೋಡಿದರೆ 0.0873 ಬರುತ್ತಿದೆ, ಅದು ಎರಡೂ ಅಲ್ಲ.
3) 1/ಕ್ಷ ಇದರ ಡೆರಿವೇಟಿವ್, ವ್ಯಾಖ್ಯೆಯಿಂದಲೇ ಮಾಡಬೇಕು. (1/ಕ್ಷ + ಹ − 1/ಕ್ಷ)/ಹ = ಹ/ಹ = 1 ಎಂದು ಬಂತು.
4) (3ಕ್ಷ²+1)⁵ ಇದರ ಡೆರಿವೇಟಿವ್. 5(3ಕ್ಷ²+1)⁴ ಎಂದು ಬರೆದೆ, ತಪ್ಪಂತೆ.

ಉತ್ತರ 1:
0/0 ಎನ್ನುವುದು ಉತ್ತರವಲ್ಲ, ‘ಲೆಕ್ಕ ಇನ್ನೂ ಮುಗಿದಿಲ್ಲ’ ಎಂಬ ಸೂಚನೆ. ಕ್ಷ ಸರಿಯಾಗಿ 0 ಆದಾಗ ಏನಾಗುತ್ತದೆ ಎಂದು ಲಿಮಿಟ್ ಕೇಳುವುದೇ ಇಲ್ಲ. 0ಗೆ ಹತ್ತಿರ ಹತ್ತಿರ ಬಂದಾಗ ಬೆಲೆ ಯಾವ ಕಡೆಗೆ ಸಾಗುತ್ತದೆ ಎಂದಷ್ಟೇ ಕೇಳುತ್ತದೆ. ಆದ್ದರಿಂದ ಛೇದದಲ್ಲಿರುವ ಕ್ಷವನ್ನು ಹೊಡೆದುಹಾಕುವ ದಾರಿ ಹುಡುಕಬೇಕು.

ವರ್ಗಮೂಲ ಇದ್ದರೆ ದಾರಿ ಹೆಚ್ಚುಕಡಿಮೆ ಯಾವಾಗಲೂ ಒಂದೇ: ನಡುವಿನ ಚಿಹ್ನೆ ಬದಲಿಸಿದ ಜೋಡಿಯಿಂದ ಮೇಲೂ ಕೆಳಗೂ ಗುಣಿಸುವುದು. ಇಲ್ಲಿ √(9+ಕ್ಷ) + 3 ಇಂದ ಗುಣಿಸಿ. ಅಂಶ (9+ಕ್ಷ) − 9, ಅಂದರೆ ಬರೀ ಕ್ಷ ಆಗುತ್ತದೆ. ಛೇದ ಕ್ಷ(√(9+ಕ್ಷ) + 3). ಕ್ಷ ಸೊನ್ನೆಯಲ್ಲದ ಕಾರಣ ಹೊಡೆದುಹಾಕಬಹುದು. ಉಳಿಯುವುದು 1/(√(9+ಕ್ಷ) + 3). ಈಗ 0 ಹಾಕಿ: 1/(3+3) = 1/6. ಛೇದವನ್ನು ಬಿಡಿಸಿ ಬರೆಯಲು ಹೋಗಬೇಡಿ. ಆವರಣದಲ್ಲೇ ಬಿಟ್ಟರೆ ಕ್ಷ ಎದ್ದು ಕಾಣುತ್ತದೆ, ಬಿಡಿಸಿದರೆ ಎಲ್ಲೋ ಹುದುಗಿಹೋಗುತ್ತದೆ.

3ನೆಯದರಲ್ಲಿ ತಪ್ಪಿದ್ದು ಮೊದಲ ಹೆಜ್ಜೆಯಲ್ಲೇ. ಕೊಟ್ಟ ಫಂಕ್ಷನ್ನನ್ನು ಫ(ಕ್ಷ) ಎಂದರೆ, ವ್ಯಾಖ್ಯೆ ಹೇಳುವುದು ಹ→0 ಆದಾಗ (ಫ(ಕ್ಷ+ಹ) − ಫ(ಕ್ಷ))/ಹ ಇದರ ಲಿಮಿಟ್. ಫ(ಕ್ಷ+ಹ) ಅಂದರೆ ಫಂಕ್ಷನ್ನಿನಲ್ಲಿ ಕ್ಷ ಇರುವ ಪ್ರತಿ ಜಾಗದಲ್ಲೂ (ಕ್ಷ+ಹ) ಕೂರಿಸುವುದು. ಹಾಗಾಗಿ ಅದು 1/(ಕ್ಷ+ಹ). ನೀವು ಬರೆದದ್ದು ಫ(ಕ್ಷ) + ಹ. ಹಾಗೆ ಬರೆದರೆ ಯಾವ ಫಂಕ್ಷನ್ ಕೊಟ್ಟರೂ ಉತ್ತರ 1 ಬರುತ್ತದೆ! ಸರಿಯಾದ ರೀತಿ:
1/(ಕ್ಷ+ಹ) − 1/ಕ್ಷ = (ಕ್ಷ − (ಕ್ಷ+ಹ))/(ಕ್ಷ(ಕ್ಷ+ಹ)) = −ಹ/(ಕ್ಷ(ಕ್ಷ+ಹ))
ಹ ಇಂದ ಭಾಗಿಸಿದರೆ −1/(ಕ್ಷ(ಕ್ಷ+ಹ)). ಹ→0 ಆದಾಗ −1/ಕ್ಷ². ಎರಡನೇ ಆವರಣ ಮರೆತು ಕ್ಷ − ಕ್ಷ + ಹ ಎಂದು ಬರೆದರೆ ಚಿಹ್ನೆ ತಿರುಗಿಬಿಡುತ್ತದೆ, ಜೋಪಾನ. 1/ಕ್ಷ ರೇಖೆ ಸೊನ್ನೆಯ ಎರಡೂ ಕಡೆ ಎಡದಿಂದ ಬಲಕ್ಕೆ ಇಳಿಯುತ್ತಲೇ ಹೋಗುತ್ತದೆ, ಆದ್ದರಿಂದ ಧನ ಉತ್ತರ ಬಂದರೆ ಅಲ್ಲೇ ಅನುಮಾನಪಡಬೇಕು.

ಉತ್ತರ 2:
2ನೆಯದಕ್ಕೆ: ‘ಸೈನ್ ಭಾಗಿಸು ಕೋನ’ 1ಕ್ಕೆ ಹೋಗುವುದು ಮೇಲಿನ ಕೋನ ಮತ್ತು ಛೇದ ಎರಡೂ ಒಂದೇ ಆಗಿದ್ದಾಗ ಮಾತ್ರ. ನಿಮ್ಮಲ್ಲಿ ಮೇಲೆ 5ಕ್ಷ, ಕೆಳಗೆ ಕ್ಷ. ಅದನ್ನು 5 × ಸೈನ್(5ಕ್ಷ)/(5ಕ್ಷ) ಎಂದು ಬರೆದುಕೊಂಡರೆ 5 × 1 = 5.

ಇನ್ನು 0.0873. ನಿಮ್ಮ ಕ್ಯಾಲ್ಕುಲೇಟರ್ ಡಿಗ್ರಿ ಮೋಡಿನಲ್ಲಿದೆ. 5 × π/180 = 0.0873, ಲೆಕ್ಕ ಹಾಕಿ ನೋಡಿ. ರೇಡಿಯನ್‌ಗೆ (ಕೋನದ ಇನ್ನೊಂದು ಅಳತೆ, π ರೇಡಿಯನ್ = 180 ಡಿಗ್ರಿ) ಬದಲಿಸಿದರೆ ಅದೇ 0.01ಕ್ಕೆ 4.9979 ಬರುತ್ತದೆ. ಈ ಸೂತ್ರ ರೇಡಿಯನ್‌ನಲ್ಲಿ ಮಾತ್ರ ನಿಜ. ಸೈನ್‌ನ ಡೆರಿವೇಟಿವ್ ಕಾಸ್ ಎನ್ನುವುದೂ ಇದರ ಮೇಲೆಯೇ ನಿಂತಿದೆ.

ಹಾಗಂತ ಬೆಲೆ ಹಾಕಿ ನೋಡುವ ಅಭ್ಯಾಸ ಬಿಡಬೇಡಿ, ತುಂಬಾ ಒಳ್ಳೆಯದು. ಆದರೆ 0.01, 0.001 ಸಾಕು. 1ನೇ ಲೆಕ್ಕದಲ್ಲಿ 0.01ಕ್ಕೆ 0.16662 ಬರುತ್ತದೆ, 1/6 ಎಂದು ಕಣ್ಣಿಗೇ ಕಾಣುತ್ತದೆ. 12 ಅಂಕೆ ಮಾತ್ರ ಇಟ್ಟುಕೊಳ್ಳುವ ಯಂತ್ರದಲ್ಲಿ 0.000000000001 ಹಾಕಿದರೆ 9+ಕ್ಷ ಬರೀ 9 ಆಗಿ, ಉತ್ತರ 0 ಎಂದು ಬರುತ್ತದೆ.

ಉತ್ತರ 3:
1 ಮತ್ತು 2ಕ್ಕೆ ಲೋಪಿತಾಲ್ ನಿಯಮ ಹಾಕಿದರೆ ಒಂದೇ ಸಾಲು. ಮೇಲೆ ಕೆಳಗೆ ಬೇರೆ ಬೇರೆಯಾಗಿ ಡೆರಿವೇಟಿವ್ ತೆಗೆದುಕೊಂಡು ಕ್ಷ = 0 ಹಾಕಿ: 1ಕ್ಕೆ 1/(2√9) = 1/6, 2ಕ್ಕೆ 5 ಕಾಸ್ 0 = 5.

ಉತ್ತರ 1 ಬರೆದವರು:
ಉತ್ತರ ಸರಿ. ಆದರೆ ಈ ಹಂತದಲ್ಲಿ ಬೇಡ ಎನ್ನುತ್ತೇನೆ. ಸೈನ್‌ನ ಡೆರಿವೇಟಿವ್ ಸಾಧಿಸಲು ಇದೇ ಸೈನ್ ಲಿಮಿಟ್ ಬೇಕು. ಅದನ್ನೇ ಬಳಸಿ ಈ ಲಿಮಿಟ್ ಸಾಧಿಸಿದರೆ ವಾದ ಸುತ್ತು ಹೊಡೆದು ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಇನ್ನೊಂದು ಅಪಾಯ, 0/0 ಅಥವಾ ∞/∞ ಅಲ್ಲದ ಕಡೆಯೂ ಕೈ ತಾನಾಗಿ ಆ ನಿಯಮಕ್ಕೆ ಹೋಗುತ್ತದೆ. ಕ್ಷ→0 ಆದಾಗ (ಕ್ಷ+2)/(ಕ್ಷ+3) ಎಂಬುದು 2/3. ಅಲ್ಲಿ ಲೋಪಿತಾಲ್ ಹಾಕಿದರೆ 1 ಎಂಬ ತಪ್ಪು ಉತ್ತರ ಬರುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಮೋಡ್ ನೋಡಿದೆ, ಡಿಗ್ರಿಯೇ ಇತ್ತು. ಹಾಗಾದರೆ 0/0 ಬಂದಲ್ಲೆಲ್ಲ ಲಿಮಿಟ್ ಇದ್ದೇ ಇರುತ್ತದೆಯೇ? 4ನೆಯದನ್ನೂ ಯಾರಾದರೂ ಹೇಳಿ.

ಉತ್ತರ 2 ಬರೆದವರು:
ಇರಲೇಬೇಕೆಂದಿಲ್ಲ. |ಕ್ಷ|/ಕ್ಷ ನೋಡಿ. 0ಯಲ್ಲಿ ಅದೂ 0/0. ಬಲಗಡೆಯಿಂದ ಬಂದರೆ ಸದಾ 1, ಎಡಗಡೆಯಿಂದ ಬಂದರೆ ಸದಾ −1. ಎರಡು ಕಡೆಯ ಬೆಲೆ ಕೂಡದಿದ್ದರೆ ಲಿಮಿಟ್ ಇಲ್ಲ. ನೀವು 1ನೇ ಲೆಕ್ಕಕ್ಕೆ ಬರೆದ ‘ಲಿಮಿಟ್ ಇಲ್ಲ’ ಎಂಬ ಉತ್ತರ ಇಲ್ಲಿ ಸರಿಹೋಗುತ್ತದೆ, ಆದರೆ ಕಾರಣ 0/0 ಅಲ್ಲ.

4ನೆಯದರಲ್ಲಿ ಚೈನ್ ರೂಲ್ ಅರ್ಧಕ್ಕೇ ನಿಂತಿದೆ. ಹೊರಗಿನ ಐದನೇ ಘಾತದ ಡೆರಿವೇಟಿವ್ ತೆಗೆದಿದ್ದೀರಿ. ಅದನ್ನು ಒಳಗಿರುವ 3ಕ್ಷ²+1 ಇದರ ಡೆರಿವೇಟಿವ್ 6ಕ್ಷದಿಂದ ಗುಣಿಸಬೇಕಿತ್ತು. 5(3ಕ್ಷ²+1)⁴ × 6ಕ್ಷ = 30ಕ್ಷ(3ಕ್ಷ²+1)⁴.

ತಾಳೆ ನೋಡಲು ಕ್ಷ = 1 ತೆಗೆದುಕೊಳ್ಳಿ. ನಿಮ್ಮ ಉತ್ತರದಲ್ಲಿ 5 × 256 = 1280, ಸರಿಯಾದದ್ದರಲ್ಲಿ 30 × 256 = 7680. ಈಗ ಮೂಲ ಫಂಕ್ಷನ್ನಿನಲ್ಲೇ 1.001 ಮತ್ತು 0.999 ಹಾಕಿ, ವ್ಯತ್ಯಾಸವನ್ನು 0.002 ಇಂದ ಭಾಗಿಸಿ: 7680.06 ಬರುತ್ತದೆ. 1.001 ಮತ್ತು 1 ಮಾತ್ರ ಬಳಸಿದರೆ ಸುಮಾರು 7707 ಬರುತ್ತದೆ, ಅಷ್ಟು ನಿಖರವಲ್ಲ. ಅದಕ್ಕೇ ಎರಡೂ ಕಡೆಯಿಂದ ಸಮದೂರದ ಬಿಂದು ಹಿಡಿಯಬೇಕು.